ಸಂಶೋಧನಾ ಪೇಪರ್ ಓದುವುದು ಹೇಗೆ? ಪೆನ್ಸಿಲ್ ಹಿಡಿದು ಕೂತರೆ ಎರಡು ಗಂಟೆಯ ಕೆಲಸ

2021ರ ಮೇ ತಿಂಗಳು. ಊರಿನಿಂದ ದೊಡ್ಡಪ್ಪ ಫೋನ್ ಮಾಡಿದರು. ಕೋವಿಡ್ ಪಾಸಿಟಿವ್ ಬಂದು ಎರಡು ದಿನ ಆಗಿತ್ತು. ಜ್ವರ, ಸ್ವಲ್ಪ ಕೆಮ್ಮು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 97 ತೋರಿಸುತ್ತಿತ್ತು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಮಾತ್ರೆಗಳ ಪಟ್ಟಿ ಅವರ ಕೈಯಲ್ಲಿತ್ತು. ಅದರಲ್ಲಿ ನಾಲ್ಕನೆಯದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. "ಇದು ಜೀವ ಉಳಿಸುತ್ತೆ ಅಂತ ಇಂಗ್ಲೆಂಡಲ್ಲಿ ಸಂಶೋಧನೆ ಆಗಿದೆಯಂತಲ್ಲಪ್ಪ, ತಗೊಳ್ಲಾ?" ಎಂದು ಕೇಳಿದರು.

ಸಂಶೋಧನೆ ಆಗಿದ್ದು ನಿಜ, ಜೀವ ಉಳಿಸುವುದೂ ನಿಜ. ಆದರೆ ಆ ಪೇಪರ್‌ನ ಮೊದಲ ಪುಟದಲ್ಲೇ ಇನ್ನೊಂದು ಮಾತಿತ್ತು. ಆಕ್ಸಿಜನ್ ಕೊಡುವ ಅಗತ್ಯವಿಲ್ಲದ ರೋಗಿಗಳಲ್ಲಿ ಈ ಔಷಧಿಯಿಂದ ಲಾಭ ಕಾಣಲಿಲ್ಲ ಎಂದು ಅವರೇ ಬರೆದಿದ್ದರು. ಆ ಸಾಲನ್ನು ಕನ್ನಡದಲ್ಲಿ ದೊಡ್ಡಪ್ಪನಿಗೆ ಹೇಳಿದೆ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ ಎಂದೆ. ಡಾಕ್ಟರೂ ಬೇಡ ಎಂದರು. ಅದೇ ಬೇಸಿಗೆಯಲ್ಲಿ ನಮ್ಮ ರಾಜ್ಯದ ಆಸ್ಪತ್ರೆಗಳು ಕಪ್ಪು ಶಿಲೀಂಧ್ರದ ರೋಗಿಗಳಿಂದ ತುಂಬಿದವು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅದರ ಜೊತೆಗೆ ಲೆಕ್ಕವಿಲ್ಲದೆ ಬಳಸಿದ ಸ್ಟೀರಾಯ್ಡ್, ಇವೆರಡೂ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ಪೇಪರ್‌ನಿಂದ ಸುದ್ದಿಗೆ, ಸುದ್ದಿಯಿಂದ ವಾಟ್ಸಾಪ್‌ಗೆ ಬರುವಷ್ಟರಲ್ಲಿ ಮೊದಲು ಉದುರಿಹೋಗುವುದು ಷರತ್ತು. ಯಾರಿಗೆ, ಯಾವಾಗ, ಎಷ್ಟು, ಯಾವುದಕ್ಕೆ ಹೋಲಿಸಿದರೆ ಎಂಬ ವಿವರ ಹೋಗಿ, "ಗುಣ ಆಗುತ್ತಂತೆ" ಅನ್ನುವುದಷ್ಟೇ ಉಳಿಯುತ್ತದೆ. ಆ ಷರತ್ತನ್ನು ಮೂಲದಲ್ಲೇ ಹುಡುಕಿ ಓದುವುದನ್ನು ಯಾರು ಬೇಕಾದರೂ ಕಲಿಯಬಹುದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ವೈದ್ಯನಲ್ಲ. ಆದರೂ ಮೇಲಿನ ಪೇಪರ್ ಓದಲು ನನಗೆ ಬೇಕಾಗಿದ್ದು ಒಂದು ಪೆನ್ಸಿಲ್, ಒಂದು ಕ್ಯಾಲ್ಕುಲೇಟರ್, ಎರಡು ಗಂಟೆ. ನಾನು ಓದುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

1. ಮೊದಲು ಪೇಪರ್ ಕೈಗೆ ಬರಲಿ

ಸುದ್ದಿ ಓದಿ ಸುದ್ದಿಯ ಬಗ್ಗೆ ವಾದ ಮಾಡಬೇಡಿ. ಸುದ್ದಿಯ ಕೊನೆಯಲ್ಲಿ ಜರ್ನಲ್, ಅಂದರೆ ಪೇಪರ್ ಪ್ರಕಟವಾದ ಸಂಶೋಧನಾ ಪತ್ರಿಕೆಯ ಹೆಸರು ಇದೆಯಾ ನೋಡಿ. ಹತ್ತು, ಚುಕ್ಕೆ, ಆಮೇಲೆ ಒಂದಷ್ಟು ಅಂಕಿ ಮತ್ತು ಅಕ್ಷರ ಇರುವ ಉದ್ದದ ಸಂಖ್ಯೆ ಸಿಕ್ಕರೆ ಅದೇ ಡಿಒಐ. ಪೇಪರ್‌ನ ಆಧಾರ್ ನಂಬರ್ ಇದ್ದ ಹಾಗೆ. ಅದನ್ನು ಹಾಗೇ ಹುಡುಕಿದರೆ ಮೂಲ ಸಿಗುತ್ತದೆ.

ಡಿಒಐ ಇಲ್ಲದಿದ್ದರೆ, ಆರೋಗ್ಯದ ವಿಷಯಕ್ಕೆ ವೈದ್ಯಕೀಯ ಪೇಪರ್‌ಗಳ ಪಟ್ಟಿ ಇರುವ ಪಬ್‌ಮೆಡ್ (PubMed) ತಾಣದಲ್ಲಿ ಹುಡುಕಿ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಷಯಕ್ಕೆ ಆರ್ಕೈವ್ (arXiv) ಇದೆ. 1991ರಲ್ಲಿ ಪಾಲ್ ಗಿನ್ಸ್‌ಪರ್ಗ್ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಶುರು ಮಾಡಿದ ಈ ತಾಣದಲ್ಲಿ ಎಲ್ಲವೂ ಉಚಿತ. ಎರಡಕ್ಕೂ ಸೇರದಿದ್ದರೆ ಗೂಗಲ್ ಸ್ಕಾಲರ್. ಅಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿ ಇರುವ ಪೇಪರ್‌ನ ಕೆಳಗೆ "ಎಲ್ಲಾ ಆವೃತ್ತಿಗಳು" ಎಂಬ ಕೊಂಡಿ ಇರುತ್ತದೆ. ಜರ್ನಲ್ ದುಡ್ಡು ಕೇಳಿದರೂ, ಲೇಖಕರು ತಮ್ಮ ಕಾಲೇಜಿನ ಪುಟದಲ್ಲಿ ಹಾಕಿದ ಪ್ರತಿ ಅಲ್ಲಿ ಎಷ್ಟೋ ಸಲ ಸಿಗುತ್ತದೆ.

ಅದೂ ಸಿಗಲಿಲ್ಲ ಅಂದರೆ ಲೇಖಕರಿಗೇ ಬರೆಯಿರಿ. ಮೊದಲ ಪುಟದಲ್ಲಿ ಇಮೇಲ್ ವಿಳಾಸ ಇರುತ್ತದೆ. ಎರಡು ಸಾಲು ಸಾಕು: ನಾನು ಇಂಥವನು, ನಿಮ್ಮ ಪೇಪರ್ ಓದಬೇಕು, ಒಂದು ಪ್ರತಿ ಕಳಿಸುತ್ತೀರಾ. ನನಗೆ ಹೆಚ್ಚಿನವರು ಎರಡು ಮೂರು ದಿನದಲ್ಲೇ ಕಳಿಸಿದ್ದಾರೆ. ತಾವು ಬರೆದಿದ್ದನ್ನು ಯಾರೋ ಓದುತ್ತಾರೆ ಅಂದರೆ ಯಾರಿಗೆ ಖುಷಿ ಆಗಲ್ಲ ಹೇಳಿ.

ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಇನ್ನೊಂದು ದಾರಿ ಇದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರದ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆ ಜಾರಿಯಲ್ಲಿದೆ. ಸುಮಾರು 13,000 ಜರ್ನಲ್‌ಗಳು ಇದರಲ್ಲಿ ಸೇರಿವೆ. ಹೆಚ್ಚಿನ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇಲ್ಲ. ನಾಳೆಯೇ ನಿಮ್ಮ ಲೈಬ್ರರಿಯನ್ ಹತ್ತಿರ ಹೋಗಿ, ಲಾಗಿನ್ ಹೇಗೆ ಎಂದು ಕೇಳಿ.

ಪೇಪರ್ ಸಿಕ್ಕಿದ ಮೇಲೆ ಆದಷ್ಟು ಪ್ರಿಂಟ್ ತೆಗೆಸಿ. ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಹನ್ನೆರಡು ಹಾಳೆಗೆ ಆಗುವ ಖರ್ಚು ಸಾರ್ಥಕ. ಮೊಬೈಲ್‌ನಲ್ಲಿ ಓದಿದರೆ ಗ್ರಾಫ್ ಮತ್ತು ಅದರ ವಿವರಣೆ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ಅಂಚಿನಲ್ಲಿ ಗೀಚಲೂ ಆಗುವುದಿಲ್ಲ.

2. ಇದು ಯಾವ ಜಾತಿಯ ಪೇಪರ್ ಎಂದು ಐದು ನಿಮಿಷ ನೋಡಿ

ಮೊದಲ ಪ್ರಶ್ನೆ: ಇದು ಪ್ರೀಪ್ರಿಂಟ್ ಹೌದಾ? ಅಂದರೆ ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಲೇಖಕರು ತಾವಾಗಿ ಹಾಕಿದ್ದಾ? ಆರ್ಕೈವ್‌ನಲ್ಲಿರುವುದು, 2019ರಲ್ಲಿ ಶುರುವಾದ ಮೆಡ್‌ಆರ್ಕೈವ್‌ನಲ್ಲಿರುವುದು ಈ ಬಗೆಯವು. ಪ್ರೀಪ್ರಿಂಟ್ ಅಂದ ಮಾತ್ರಕ್ಕೆ ಕಳಪೆಯಲ್ಲ. ಭೌತಶಾಸ್ತ್ರಜ್ಞರು ದಿನಾ ಬೆಳಗ್ಗೆ ಓದುವುದು ಅದನ್ನೇ. ಆದರೆ ನೀವು ಅದನ್ನು ನಂಬಿ ಮಾತ್ರೆ ನುಂಗುವ ಹಾಗಿಲ್ಲ.

ಪೀರ್ ರಿವ್ಯೂ ಆಗಿದೆ ಅಂದರೆ ಏನು? ಅದೇ ವಿಷಯದ ಎರಡು ಮೂರು ಜನ ತಜ್ಞರು ಓದಿ, ಪ್ರಶ್ನೆ ಕೇಳಿ, ತಿದ್ದಿಸಿದ್ದಾರೆ ಎಂದಷ್ಟೇ ಅರ್ಥ. ಅವರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. 2020ರ ಮೇ ತಿಂಗಳಲ್ಲಿ ದಿ ಲ್ಯಾನ್ಸೆಟ್ ಎಂಬ ಬಹಳ ಹೆಸರುವಾಸಿ ಜರ್ನಲ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿ ಪಡೆದ ಕೋವಿಡ್ ರೋಗಿಗಳಲ್ಲಿ ಸಾವು ಜಾಸ್ತಿ ಎಂಬ ಒಂದು ಪೇಪರ್ ಬಂತು. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ಮಾಹಿತಿ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನೇ ಕೆಲವು ದಿನ ನಿಲ್ಲಿಸಿತು. ಎರಡೇ ವಾರದಲ್ಲಿ ಪೇಪರ್ ವಾಪಸಾಯಿತು. ಮಾಹಿತಿ ಒದಗಿಸಿದ ಕಂಪನಿ ಮೂಲ ದಾಖಲೆಗಳನ್ನು ಹೊರಗಿನವರ ತಪಾಸಣೆಗೆ ಕೊಡಲಿಲ್ಲ, ಹಾಗಾಗಿ ಲೇಖಕರೇ ಹಿಂದಕ್ಕೆ ತಗೊಂಡರು.

ಆದ್ದರಿಂದ ಎರಡನೆಯ ಪ್ರಶ್ನೆ: ಈ ಪೇಪರ್ ವಾಪಸಾಗಿದೆಯಾ? ಪಬ್‌ಮೆಡ್‌ನಲ್ಲಿ ಹುಡುಕಿದರೆ ಮೇಲೆ ಕೆಂಪು ಪಟ್ಟಿಯಲ್ಲಿ ಬರೆದಿರುತ್ತದೆ. ಲಸಿಕೆಗೂ ಆಟಿಸಂಗೂ ಸಂಬಂಧ ಇದೆ ಎಂಬ ಭಯ ಹುಟ್ಟಿಸಿದ 1998ರ ಪೇಪರ್ ಕೇವಲ 12 ಮಕ್ಕಳ ಮೇಲೆ ನಿಂತಿತ್ತು. 2010ರಲ್ಲಿ ಲ್ಯಾನ್ಸೆಟ್ ಅದನ್ನು ವಾಪಸ್ ತೆಗೆದುಕೊಂಡಿತು. ಭಯ ಮಾತ್ರ ವಾಪಸಾಗಲಿಲ್ಲ. ಇವತ್ತಿಗೂ ಆ ಪೇಪರ್ ಹೆಸರಿನಲ್ಲಿ ಫಾರ್ವರ್ಡ್‌ಗಳು ಓಡಾಡುತ್ತವೆ.

ಮೂರನೆಯ ಪ್ರಶ್ನೆ: ಪ್ರಯೋಗ ಯಾರ ಮೇಲೆ, ಯಾವುದರ ಮೇಲೆ ಆಗಿದೆ? ಗಾಜಿನ ತಟ್ಟೆಯ ಜೀವಕೋಶ, ಇಲಿ, ಒಬ್ಬ ರೋಗಿಯ ವರದಿ, ಸಾವಿರಾರು ಜನರನ್ನು ಎರಡು ಗುಂಪು ಮಾಡಿದ ಪ್ರಯೋಗ, ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆ. ಇದನ್ನು ಪೇಪರ್‌ನ ತಲೆಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ಅರಿಶಿನದಿಂದ ಕ್ಯಾನ್ಸರ್ ವಾಸಿ ಎಂಬಂಥ ಸುದ್ದಿಗಳ ಹಿಂದೆ ಹೋದರೆ ಬಹಳ ಸಲ ಗಾಜಿನ ತಟ್ಟೆಯೇ ಸಿಗುತ್ತದೆ.

3. ಮೊದಲಿಂದ ಕೊನೆಯವರೆಗೆ ಓದಬೇಡಿ

ಹೊಸಬರು ಸೋಲುವುದು ಇಲ್ಲಿಯೇ. ಕಥೆ ಓದಿದ ಹಾಗೆ ಮೊದಲ ಸಾಲಿಂದ ಶುರು ಮಾಡುತ್ತಾರೆ. ಎರಡನೇ ಪುಟಕ್ಕೆ ತಲೆ ಬಿಸಿಯಾಗಿ ಮುಚ್ಚಿಡುತ್ತಾರೆ.

ಸಾರಾಂಶವನ್ನು ಎರಡು ಸಲ ಓದಿ. ಆಮೇಲೆ ನೇರ ಚಿತ್ರ ಮತ್ತು ಕೋಷ್ಟಕಗಳಿಗೆ ಹೋಗಿ. ನಂತರ ವಿಧಾನದ ಭಾಗ. ಲೇಖಕರ ಚರ್ಚೆ ಮತ್ತು ತೀರ್ಮಾನ ಕೊನೆಗೆ. ವಕೀಲರ ವಾದ ಕೇಳುವ ಮೊದಲು ಸಾಕ್ಷಿಯನ್ನು ನೋಡಿಬಿಡಬೇಕು. ಚರ್ಚೆಯ ಭಾಗದಲ್ಲಿ ಲೇಖಕರು ತಮಗೆ ಸರಿ ಕಂಡಂತೆ ಹೇಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಮೊದಲೇ ಓದಿದರೆ ಅಂಕಿಗಳನ್ನೂ ನಾವು ಅವರ ಕಣ್ಣಿನಿಂದಲೇ ನೋಡುತ್ತೇವೆ.

ಅರ್ಥವಾಗದ ಪದ ಸಿಕ್ಕರೆ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಮುಂದೆ ಹೋಗಿ. ಪೂರ್ತಿ ಒಮ್ಮೆ ತಿರುವಿದ ಮೇಲೆ ಎಣಿಸಿ ನೋಡಿ. ಮೂರು ಸಲಕ್ಕಿಂತ ಜಾಸ್ತಿ ಬಂದ ಪದಗಳ ಅರ್ಥ ಮಾತ್ರ ಹುಡುಕಿ. ಸಾಮಾನ್ಯವಾಗಿ ಅಂಥವು ಎಂಟೋ ಹತ್ತೋ ಇರುತ್ತವೆ. ಉಳಿದವನ್ನು ಬಿಟ್ಟರೂ ನಡೆಯುತ್ತದೆ.

4. ಪ್ರಶ್ನೆಯನ್ನು ಕನ್ನಡದಲ್ಲಿ ಒಂದು ಸಾಲು ಬರೆಯಿರಿ

ಇದನ್ನು ದಯವಿಟ್ಟು ಬಿಡಬೇಡಿ. ಯಾರಿಗೆ, ಏನು ಮಾಡಿದರು, ಯಾವುದಕ್ಕೆ ಹೋಲಿಸಿದರು, ಏನನ್ನು ಅಳೆದರು. ಈ ನಾಲ್ಕೂ ಆ ಸಾಲಿನಲ್ಲಿ ಇರಬೇಕು. ಬರೆಯಲು ಆಗಲಿಲ್ಲ ಅಂದರೆ ನಮಗಿನ್ನೂ ಅರ್ಥ ಆಗಿಲ್ಲ ಎಂದೇ ಲೆಕ್ಕ. ಇಂಗ್ಲಿಷ್‌ನಲ್ಲಿ ಓದುವಾಗ ಅರ್ಥವಾದ ಹಾಗೆ ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ಬರೆಯಲು ಹೊರಟಾಗಲೇ ಎಲ್ಲಿ ಗೊತ್ತಿಲ್ಲ ಅನ್ನುವುದು ಬಯಲಾಗುತ್ತದೆ.

ದೊಡ್ಡಪ್ಪ ಕೇಳಿದ ಪೇಪರ್‌ಗೆ ನಾನು ಬರೆದ ಸಾಲು ಹೀಗಿತ್ತು: "ಕೋವಿಡ್ ಆಗಿ ಆಸ್ಪತ್ರೆಗೆ ಸೇರಿದವರಿಗೆ, ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಡೆಕ್ಸಾಮೆಥಾಸೋನ್ ಕೊಟ್ಟರೆ, ಮಾಮೂಲಿ ಆರೈಕೆ ಮಾತ್ರ ಪಡೆದವರಿಗೆ ಹೋಲಿಸಿದಾಗ, 28 ದಿನಗಳೊಳಗೆ ಸಾಯುವವರು ಕಡಿಮೆ ಆಗುತ್ತಾರಾ?"

ನೋಡಿ, ಇಷ್ಟು ಬರೆಯುವಷ್ಟರಲ್ಲೇ ಮೊದಲ ಷರತ್ತು ಸಿಕ್ಕಿತು. ಆಸ್ಪತ್ರೆಗೆ ಸೇರಿದವರಿಗೆ. ದೊಡ್ಡಪ್ಪ ಮನೆಯ ಜಗಲಿಯಲ್ಲಿ ಕೂತು ಫೋನ್ ಮಾಡಿದ್ದರು.

5. ಹೇಗೆ ಮಾಡಿದರು?

ಈ ಪ್ರಯೋಗದ ಹೆಸರು ರಿಕವರಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಸಿದ್ದು. 2104 ಜನರಿಗೆ ಔಷಧಿ ಕೊಟ್ಟರು. 4321 ಜನರಿಗೆ ಮಾಮೂಲಿ ಆರೈಕೆ. ಯಾರು ಯಾವ ಗುಂಪಿಗೆ ಎಂದು ಡಾಕ್ಟರ್ ಆರಿಸಲಿಲ್ಲ, ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚಿತು.

ಚೀಟಿ ಎತ್ತುವುದು ಯಾಕೆ ಮುಖ್ಯ? ಡಾಕ್ಟರ್ ಆರಿಸಿದರೆ, ತಮಗೇ ಗೊತ್ತಾಗದ ಹಾಗೆ ಗಟ್ಟಿಮುಟ್ಟಾದವರನ್ನು ಒಂದು ಕಡೆ ಹಾಕಿಬಿಡಬಹುದು. ಆಮೇಲೆ ಅವರು ಬದುಕಿದರೆ ಔಷಧಿಯಿಂದಲೋ ಮೈಕಟ್ಟಿನಿಂದಲೋ ಹೇಳಲಾಗದು. ಚೀಟಿ ಎತ್ತಿದರೆ ವಯಸ್ಸು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎಲ್ಲವೂ ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿ ಬೀಳುತ್ತವೆ. ಪೇಪರ್‌ನ ಒಂದನೇ ಕೋಷ್ಟಕ ಇದನ್ನೇ ತೋರಿಸುತ್ತದೆ. ಅದರ ಮೇಲೆ ಒಮ್ಮೆ ಕಣ್ಣಾಡಿಸಿ.

ಇನ್ನೊಂದು ವಿಷಯ. ಈ ಪ್ರಯೋಗದಲ್ಲಿ ಯಾರಿಗೆ ಔಷಧಿ ಸಿಗುತ್ತಿದೆ ಎಂದು ಡಾಕ್ಟರಿಗೂ ಗೊತ್ತಿತ್ತು, ರೋಗಿಗೂ ಗೊತ್ತಿತ್ತು. ಇದು ದೋಷವಲ್ಲವೇ? ಅಳೆಯುತ್ತಿದ್ದುದು ನೋವು ಎಷ್ಟಿದೆ, ಸುಸ್ತು ಎಷ್ಟಿದೆ ಎಂಬಂಥ ವಿಷಯವಾಗಿದ್ದರೆ ದೊಡ್ಡ ದೋಷವೇ. ಮಾತ್ರೆ ತಗೊಂಡೆ ಎಂದು ಗೊತ್ತಿದ್ದರೆ ಯಾರಿಗಾದರೂ ನೋವು ಕಡಿಮೆ ಅನ್ನಿಸುತ್ತದೆ. ಇಲ್ಲಿ ಅಳೆದದ್ದು ಸಾವು. ಅದು ಅನ್ನಿಸಿಕೆಯ ವಿಷಯವಲ್ಲ. ದೋಷಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಎಲ್ಲ ಪೇಪರ್‌ಗೂ ಒಂದೇ ಅಳತೆಗೋಲು ಹಿಡಿಯಬೇಡಿ. ಈ ದೋಷ ಈ ಅಳತೆಯನ್ನು ಕೆಡಿಸುತ್ತದಾ ಎಂದು ಪ್ರತಿ ಸಲವೂ ಕೇಳಿಕೊಳ್ಳಿ.

ಪ್ರಯೋಗ ಶುರುವಾಗುವ ಮೊದಲೇ ಎಲ್ಲಾದರೂ ನೋಂದಣಿ ಆಗಿದೆಯಾ ಎಂದೂ ನೋಡಿ. ಏನನ್ನು ಅಳೆಯುತ್ತೇವೆ ಎಂದು ಮುಂಚೆಯೇ ಬರೆದಿಟ್ಟಿರಬೇಕು. ಮುಗಿದ ಮೇಲೆ ಆರಿಸಿಕೊಂಡರೆ, ಉತ್ತರ ಬರೆದಾದ ಮೇಲೆ ಪ್ರಶ್ನೆಪತ್ರಿಕೆ ಮಾಡಿದ ಹಾಗೆ. ನಮ್ಮ ದೇಶದಲ್ಲಿ ಇದಕ್ಕೆ ಸಿಟಿಆರ್‌ಐ ಎಂಬ ನೋಂದಣಿ ತಾಣ ಇದೆ. ಯಾರು ಬೇಕಾದರೂ ತೆರೆದು ನೋಡಬಹುದು.

6. ಕ್ಯಾಲ್ಕುಲೇಟರ್ ತೆಗೆಯಿರಿ

ಒಟ್ಟು ಫಲಿತಾಂಶ: ಔಷಧಿ ಪಡೆದವರಲ್ಲಿ 22.9 ಶೇಕಡ ಸತ್ತರು, ಪಡೆಯದವರಲ್ಲಿ 25.7 ಶೇಕಡ. ಸುದ್ದಿಗೆ ಇಷ್ಟು ಸಾಕು. ಆದರೆ ಪೇಪರ್ ಇಲ್ಲಿಗೆ ನಿಲ್ಲಲಿಲ್ಲ. ರೋಗಿಗಳು ಎಷ್ಟು ಕಾಯಿಲೆ ಬಿದ್ದಿದ್ದರು ಎಂದು ಮೂರು ಗುಂಪು ಮಾಡಿ ಹೇಳಿತು.

ವೆಂಟಿಲೇಟರ್‌ನಲ್ಲಿದ್ದವರು: ಔಷಧಿ ಪಡೆದವರಲ್ಲಿ 29.3 ಶೇಕಡ ಸಾವು, ಪಡೆಯದವರಲ್ಲಿ 41.4.
ಆಕ್ಸಿಜನ್ ಮಾತ್ರ ಬೇಕಾಗಿದ್ದವರು: 23.3 ಮತ್ತು 26.2.
ಆಕ್ಸಿಜನ್ನೇ ಬೇಕಿಲ್ಲದವರು: 17.8 ಮತ್ತು 14.0.

ಮೂರನೆಯ ಸಾಲನ್ನು ಇನ್ನೊಮ್ಮೆ ಓದಿ. ಔಷಧಿ ಪಡೆದವರ ಕಡೆಯೇ ಸಾವು ಜಾಸ್ತಿ. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಔಷಧಿ ಹಾನಿ ಮಾಡಿತು ಎಂದು ಈ ಅಂಕಿಯಿಂದ ಖಚಿತವಾಗಿ ಹೇಳಲಾಗದು. ಆದರೆ ಲಾಭವಿದೆ ಎನ್ನಲು ಇಲ್ಲಿ ಏನೂ ಇಲ್ಲ. ಕಾರಣವೂ ಊಹಿಸುವಂಥದ್ದೇ. ಕಾಯಿಲೆ ಉಲ್ಬಣಿಸಿದ ಮೇಲೆ ಶ್ವಾಸಕೋಶಕ್ಕೆ ಪೆಟ್ಟು ಕೊಡುವುದರಲ್ಲಿ ದೇಹದ ರೋಗನಿರೋಧಕ ಶಕ್ತಿಯ ಅತಿರೇಕದ ಪಾಲು ದೊಡ್ಡದು. ಸ್ಟೀರಾಯ್ಡ್ ಅದನ್ನು ತಣ್ಣಗೆ ಮಾಡುತ್ತದೆ. ಮೊದಲ ದಿನಗಳಲ್ಲಿ ವೈರಸ್ ಇನ್ನೂ ಬೆಳೆಯುತ್ತಿರುತ್ತದೆ. ಆಗ ಅದೇ ಶಕ್ತಿ ನಮಗೆ ಬೇಕು.

ಈಗ ಕಳೆಯಿರಿ. 41.4ರಲ್ಲಿ 29.3 ಕಳೆದರೆ 12.1. ಅಂದರೆ ವೆಂಟಿಲೇಟರ್‌ನಲ್ಲಿದ್ದ 100 ಜನರಿಗೆ ಕೊಟ್ಟರೆ ಸುಮಾರು 12 ಜೀವ ಉಳಿಯುತ್ತದೆ. ನೂರನ್ನು 12.1ರಿಂದ ಭಾಗಿಸಿ: ಸುಮಾರು ಎಂಟು ಜನರಿಗೆ ಕೊಟ್ಟರೆ ಒಬ್ಬರು ಉಳಿಯುತ್ತಾರೆ. ಆಕ್ಸಿಜನ್ ಗುಂಪಿನಲ್ಲಿ ವ್ಯತ್ಯಾಸ 2.9, ಅಂದರೆ ಸುಮಾರು 34 ಜನರಿಗೆ ಒಬ್ಬರು. ಕೆಲವೇ ರೂಪಾಯಿಯ ಹಳೆಯ ಔಷಧಿಗೆ ಇದು ಬಹಳ ದೊಡ್ಡ ಸಾಧನೆ. ಆ ದಿನಗಳಲ್ಲಿ ಎಷ್ಟೋ ಮನೆಗಳ ದೀಪ ಉಳಿಸಿದ ಪೇಪರ್ ಇದು. ಅದರ ಮೇಲೆ ನನಗೆ ಗೌರವವಿದೆ. ಅದಕ್ಕೇ ಅದನ್ನು ಅರ್ಧ ಓದಿ ಬಳಸಿದ್ದು ನೋಡಿದಾಗ ಸಂಕಟವಾಯಿತು.

ಹೀಗೆ ಕಳೆದು ನೋಡುವ ಅಭ್ಯಾಸ ಯಾಕೆ ಬೇಕು ಅಂದರೆ, ಸುದ್ದಿಗಳು ಬರೀ ಅನುಪಾತ ಹೇಳುತ್ತವೆ. ಹತ್ತು ಸಾವಿರಕ್ಕೆ ಇಬ್ಬರಿಗೆ ಬರುತ್ತಿದ್ದ ಕಾಯಿಲೆ ಒಬ್ಬರಿಗೆ ಇಳಿದರೂ "ಶೇಕಡ 50 ಇಳಿಕೆ" ಎನ್ನಬಹುದು. ನೂರಕ್ಕೆ ನಲವತ್ತು ಇದ್ದದ್ದು ಇಪ್ಪತ್ತಕ್ಕೆ ಇಳಿದರೂ ಅದೇ 50. ಎರಡೂ ಒಂದೇನಾ? ಎಷ್ಟರಲ್ಲಿ ಎಷ್ಟು ಎಂದು ಕೇಳುವವರೆಗೆ ಗೊತ್ತಾಗುವುದಿಲ್ಲ.

ಅಂಕಿಯ ಪಕ್ಕದಲ್ಲಿ ಎರಡು ಸಂಖ್ಯೆಗಳ ನಡುವಿನ ಒಂದು ವ್ಯಾಪ್ತಿ ಇರುತ್ತದೆ. ವೆಂಟಿಲೇಟರ್ ಗುಂಪಿಗೆ, ಔಷಧಿ ಪಡೆದವರ ಸಾವನ್ನು ಪಡೆಯದವರ ಸಾವಿಗೆ ಹೋಲಿಸಿದ ಅನುಪಾತ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೆ, 0.64, ವ್ಯಾಪ್ತಿ 0.51ರಿಂದ 0.81. ನಿಜವಾದ ಬೆಲೆ ಹೆಚ್ಚುಕಮ್ಮಿ ಇದರೊಳಗೆ ಇರಬಹುದು ಎಂದು ಸದ್ಯಕ್ಕೆ ಓದಿಕೊಳ್ಳಿ. ಅನುಪಾತ 1 ಅಂದರೆ ಎರಡೂ ಗುಂಪಿಗೆ ವ್ಯತ್ಯಾಸವೇ ಇಲ್ಲ ಎಂದರ್ಥ. ವ್ಯಾಪ್ತಿ ಪೂರ್ತಿಯಾಗಿ 1ರ ಕೆಳಗಿದ್ದರೆ ಧೈರ್ಯ. 1ರ ಎರಡೂ ಕಡೆ ಚಾಚಿಕೊಂಡಿದ್ದರೆ ಎಚ್ಚರ. ಮೂರನೆಯ ಗುಂಪಿನದು ಹಾಗೆ ಚಾಚಿಕೊಂಡಿತ್ತು.

ಪಿ ಬೆಲೆ ಎಂಬುದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. 0.05 ಅಂದರೆ ಔಷಧಿ ಕೆಲಸ ಮಾಡುವ ಸಾಧ್ಯತೆ ಶೇಕಡ 95 ಎಂದಲ್ಲ. ಔಷಧಿಯಿಂದ ಏನೂ ಆಗದೇ ಇದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಇಪ್ಪತ್ತಕ್ಕೆ ಒಂದು, ಅಷ್ಟೇ. ಇಪ್ಪತ್ತು ವಿಷಯ ಅಳೆದು ನೋಡಿದರೆ ಒಂದು ಸುಮ್ನೆ ಹಾಗೆ ಸಿಕ್ಕಿಬಿಡಬಹುದು. ಕಣ ಭೌತಶಾಸ್ತ್ರದವರು ಇದಕ್ಕಿಂತ ಎಷ್ಟೋ ಕಟ್ಟುನಿಟ್ಟು. 2012ರ ಜುಲೈ 4ರಂದು ಯೂರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಕಣದ ಘೋಷಣೆ ಮಾಡುವಾಗ ಅವರು ಹಿಡಿದ ಗಡಿ ಐದು ಸಿಗ್ಮಾ, ಅಂದರೆ ಸುಮಾರು 35 ಲಕ್ಷಕ್ಕೆ ಒಂದು.

ಹಾಗಂತ ಸಿಗ್ಮಾ ಜಾಸ್ತಿ ಇದ್ದರೆ ತಪ್ಪೇ ಇರಲ್ಲ ಎಂದಲ್ಲ. 2011ರಲ್ಲಿ ಆಪೆರಾ ಎಂಬ ತಂಡ, ಸರ್ನ್‌ನಿಂದ 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋಗೆ ಬಂದ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋ ಸೆಕೆಂಡ್ ಮುಂಚೆ ತಲುಪಿದವು ಎಂದಿತು. ಅಂಕಿಯ ಲೆಕ್ಕದಲ್ಲಿ ಆರು ಸಿಗ್ಮಾ. ಕೊನೆಗೆ ಸಿಕ್ಕಿದ ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್. ಆಕಸ್ಮಿಕದ ಸಾಧ್ಯತೆಯನ್ನು ಸಿಗ್ಮಾ ಅಳೆಯುತ್ತದೆ, ಸಡಿಲವಾದ ಕೇಬಲನ್ನು ಅಳೆಯುವುದಿಲ್ಲ. ಆ ತಂಡದವರೇ ಹುಡುಕಿ ಹೇಳಿದರು, ಅದು ಅವರ ದೊಡ್ಡತನ.

7. ಗ್ರಾಫ್ ಮುಂದೆ ಹತ್ತು ನಿಮಿಷ ಕೂರಿ

ಗ್ರಾಫ್‌ನ ಗೆರೆ ನೋಡುವ ಮೊದಲು ಅಕ್ಷ ನೋಡಿ. ಸೊನ್ನೆಯಿಂದ ಶುರುವಾಗಿದೆಯಾ? ಒಂದು, ಹತ್ತು, ನೂರು ಎಂದು ಏರುತ್ತಿದೆಯಾ? ಅಳತೆಯ ಮಾನ (ಯೂನಿಟ್) ಏನು? ಚುಕ್ಕೆಗಳ ಮೇಲೆ ಕೆಳಗೆ ಕಡ್ಡಿಯ ಹಾಗೆ ಕಾಣುವುದು ದೋಷದ ಅಂದಾಜು. ಕಡ್ಡಿಗಳು ಇಲ್ಲದಿದ್ದರೆ ಯಾಕಿಲ್ಲ ಎಂದು ಅಂಚಿನಲ್ಲಿ ಬರೆಯಿರಿ.

ಒಂದು ಗ್ರಾಫ್‌ನ ಕಥೆ ನಮ್ಮ ಬೆಂಗಳೂರಿನದೇ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಆರ್ಕೈವ್‌ನಲ್ಲಿ ಒಂದು ಪ್ರೀಪ್ರಿಂಟ್ ಹಾಕಿದರು. ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಸೇರಿಸಿ ಮಾಡಿದ ವಸ್ತು 236 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯ ಒತ್ತಡದಲ್ಲೇ ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಸುತ್ತದೆ, ಎಂದಿತ್ತು ಅದು. ಇಡೀ ಜಗತ್ತು ತಿರುಗಿ ನೋಡಿತು.

ಅಮೆರಿಕದ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಒಂದು ಗ್ರಾಫನ್ನು ದೊಡ್ಡದು ಮಾಡಿ ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಎರಡು ಸಾಲು ಚುಕ್ಕೆಗಳು ಅದರಲ್ಲಿದ್ದವು. ಅಳತೆಯಲ್ಲಿ ಯಾವಾಗಲೂ ಸಣ್ಣ ಏರಿಳಿತ ಇರುತ್ತದೆ, ಅದಕ್ಕೆ ಗದ್ದಲ ಎನ್ನುತ್ತೇವೆ. ಮಳೆ ಹನಿ ಹೆಂಚಿನ ಮೇಲೆ ಬೀಳುವ ಹಾಗೆ, ಅದಕ್ಕೆ ಕ್ರಮ ಇರುವುದಿಲ್ಲ. ಇವತ್ತಿನ ಮಳೆಯ ಹನಿ ನಿನ್ನೆಯ ಜಾಗದಲ್ಲೇ ಒಂದೊಂದಾಗಿ ಬೀಳುವುದಿಲ್ಲ. ಆದರೆ ಆ ಗ್ರಾಫ್‌ನಲ್ಲಿ ಒಂದು ಸಾಲಿನ ಗದ್ದಲ ಇನ್ನೊಂದು ಸಾಲಿನಲ್ಲಿ ಹಾಗೇ, ಸ್ವಲ್ಪ ಕೆಳಗೆ ಸರಿದು, ಮತ್ತೆ ಕಾಣಿಸಿತು. ಸ್ಕಿನ್ನರ್ ಅದನ್ನು ಒಂದು ಪುಟ್ಟ ಟಿಪ್ಪಣಿಯಾಗಿ ಬರೆದರು. ತಪ್ಪು ಎಂದು ತೀರ್ಪು ಕೊಡಲಿಲ್ಲ. ಇದು ಯಾಕೆ ಹೀಗೆ ಎಂದು ಕೇಳಿದರು. ಸಂಶೋಧಕರು ತಮ್ಮ ಫಲಿತಾಂಶಕ್ಕೆ ಬದ್ಧರಾಗಿ ನಿಂತರು, 2019ರಲ್ಲಿ ಹೆಚ್ಚಿನ ಮಾಪನಗಳೊಂದಿಗೆ ಪ್ರೀಪ್ರಿಂಟನ್ನು ಪರಿಷ್ಕರಿಸಿದರು. ವಿಜ್ಞಾನ ಲೋಕ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಆ ಗ್ರಾಫ್ ಪ್ರಿಂಟ್ ಕೊಟ್ಟು, ಒಂದು ಸಾಲನ್ನು ತೆಳು ಹಾಳೆಯಲ್ಲಿ ನಕಲು ಮಾಡಿ ಇನ್ನೊಂದರ ಮೇಲೆ ಇಟ್ಟು ಕಿಟಕಿ ಬೆಳಕಿಗೆ ಹಿಡಿಯಲು ಹೇಳುತ್ತೇನೆ. ಚುಕ್ಕೆಗಳು ಒಂದರ ಮೇಲೊಂದು ಕೂತಾಗ ತರಗತಿ ಗಪ್‌ಚುಪ್ ಆಗುತ್ತದೆ. ಅದಕ್ಕೆ ಪಿಎಚ್‌ಡಿ ಬೇಕಾಗಲಿಲ್ಲ, ನೋಡುವ ತಾಳ್ಮೆ ಬೇಕಾಗಿತ್ತು.

ಬೇರೆಯವರು ಮಾಡಿದಾಗಲೂ ಬಂತಾ ಎಂದು ಕೇಳುವುದನ್ನು ಮರೆಯಬೇಡಿ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಗುರುತ್ವ ಅಲೆಯನ್ನು ಹಿಡಿದಾಗ, ಸುಮಾರು ಮೂರು ಸಾವಿರ ಕಿಲೋಮೀಟರ್ ದೂರದ ಎರಡು ಯಂತ್ರಗಳಲ್ಲಿ ಒಂದೇ ಆಕಾರದ ಅಲೆ ಸುಮಾರು 7 ಮಿಲಿ ಸೆಕೆಂಡ್ ಅಂತರದಲ್ಲಿ ಕಂಡಿತ್ತು. ಒಂದೇ ಯಂತ್ರದಲ್ಲಿ ಕಂಡಿದ್ದರೆ ಅಷ್ಟು ಬೇಗ ಯಾರೂ ನಂಬುತ್ತಿರಲಿಲ್ಲ.

8. ಎಂಜಿನಿಯರಿಂಗ್ ಪೇಪರ್‌ಗೆ ಎರಡು ಪ್ರಶ್ನೆ: ಎಷ್ಟು ದೊಡ್ಡದು, ಎಷ್ಟು ದಿನ?

ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯ ಸೌರಕೋಶದ ಬಗ್ಗೆ ವಾರಕ್ಕೊಂದು ಸುದ್ದಿ ಬರುತ್ತದೆ. 2009ರಲ್ಲಿ ಜಪಾನಿನಲ್ಲಿ ಮೊದಲ ಬಾರಿ ಮಾಡಿದಾಗ ಅದರ ದಕ್ಷತೆ 3.8 ಶೇಕಡ. ಈಗ 25 ದಾಟಿದೆ. ನಿಜಕ್ಕೂ ದೊಡ್ಡ ಪ್ರಗತಿ. ಆದರೆ ಪೇಪರ್ ತೆರೆದಾಗ ಕೋಶದ ವಿಸ್ತೀರ್ಣ ಹುಡುಕಿ. ಎಷ್ಟೋ ದಾಖಲೆಗಳು ಒಂದು ಚದರ ಸೆಂಟಿಮೀಟರಿಗಿಂತ ಚಿಕ್ಕ ತುಂಡಿನ ಮೇಲೆ ಆಗಿವೆ, ಉಗುರಿಗಿಂತ ಸಣ್ಣದು. ಆಮೇಲೆ ಎಷ್ಟು ಗಂಟೆ ಬಿಸಿಲಲ್ಲಿ, ತೇವದಲ್ಲಿ ಇಟ್ಟರು ನೋಡಿ. ನಮ್ಮ ಮನೆ ತಾರಸಿಯ ಸಿಲಿಕಾನ್ ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಕೊಡುತ್ತಾರೆ. ಪೇಪರ್‌ನಲ್ಲಿ ಗಂಟೆಗಳ ಲೆಕ್ಕ ಇರುತ್ತದೆ.

ಬ್ಯಾಟರಿ ಪೇಪರ್‌ಗೂ ಕ್ಯಾಲ್ಕುಲೇಟರ್ ಬೇಕು. ಪ್ರತಿ ಚಾರ್ಜಿಗೆ ಸಾಮರ್ಥ್ಯದ 99.9 ಶೇಕಡ ಉಳಿಯುತ್ತದೆ ಎಂದರೆ ಕೇಳಲು ಅದ್ಭುತ, ಅಲ್ವಾ? 0.999 ಅನ್ನು 500 ಸಲ ಗುಣಿಸಿ ನೋಡಿ. 0.61 ಬರುತ್ತದೆ. ದಿನಾ ಚಾರ್ಜ್ ಮಾಡುವ ಸ್ಕೂಟರ್ ಆದರೆ ಒಂದೂವರೆ ವರ್ಷದೊಳಗೆ ನೂರು ಕಿಲೋಮೀಟರ್ ಓಡುತ್ತಿದ್ದದ್ದು ಅರವತ್ತೊಂದಕ್ಕೆ ಬಂದಿರುತ್ತದೆ.

9. ಕೊನೆಯ ಪುಟ ಮತ್ತು ನಿಮ್ಮ ನೋಟ್‌ಬುಕ್

ಇತಿಮಿತಿಗಳು ಎಂಬ ಭಾಗ ಇದ್ದರೆ ಓದಿ. ಒಳ್ಳೆಯ ಸಂಶೋಧಕರು ಷರತ್ತನ್ನು ಅಲ್ಲಿ ತಾವೇ ಬರೆದಿರುತ್ತಾರೆ. ದುಡ್ಡು ಯಾರು ಕೊಟ್ಟರು, ಲೇಖಕರಿಗೆ ಆ ಕಂಪನಿಯ ಜೊತೆ ಸಂಬಂಧ ಇದೆಯಾ ಎಂಬುದೂ ಅಲ್ಲೇ ಇರುತ್ತದೆ. ಕಂಪನಿ ದುಡ್ಡು ಕೊಟ್ಟ ಮಾತ್ರಕ್ಕೆ ಫಲಿತಾಂಶ ಸುಳ್ಳಲ್ಲ, ಓದುವ ಎಚ್ಚರ ಒಂದು ಪಟ್ಟು ಜಾಸ್ತಿ ಇರಲಿ. ಗೂಗಲ್ ಸ್ಕಾಲರ್‌ನಲ್ಲಿ ಈ ಪೇಪರನ್ನು ಆಮೇಲೆ ಉಲ್ಲೇಖಿಸಿದವರ ಪಟ್ಟಿ ತೆರೆದು, ಮೊದಲ ಹತ್ತು ಶೀರ್ಷಿಕೆ ನೋಡಿ. ಯಾರಾದರೂ ತಕರಾರು ತೆಗೆದಿದ್ದರೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಆಮೇಲೆ ನೋಟ್‌ಬುಕ್‌ನಲ್ಲಿ ಒಂದು ಪುಟ ಬರೆಯಿರಿ. ನಾಲ್ಕನೇ ಹಂತದ ಪ್ರಶ್ನೆ, ಅದರ ಉತ್ತರ, ಮುಖ್ಯ ಅಂಕಿ ಎರಡು ಮೂರು, ಷರತ್ತು, ನಿಮಗೆ ಉಳಿದ ಅನುಮಾನ. ಷರತ್ತಿನ ಕೆಳಗೆ ಗೆರೆ ಎಳೆಯಿರಿ. ಬೇರೆಯವರಿಗೆ ಹೇಳುವಾಗ ಆ ಸಾಲನ್ನೇ ಮೊದಲು ಹೇಳಿ.

ಆರೋಗ್ಯದ ಪೇಪರ್ ಆದರೆ ಆ ಪುಟವನ್ನು ಡಾಕ್ಟರ್ ಹತ್ತಿರ ತಗೊಂಡು ಹೋಗಿ. "ಇಲ್ಲಿ ಹೀಗಿದೆ ಸಾರ್, ನನ್ನ ಕೇಸ್‌ಗೆ ಇದು ಅನ್ವಯಿಸುತ್ತಾ?" ಎಂದು ಕೇಳಿ. ಓದಿದ್ದರ ಮೇಲೆ ನೀವೇ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ. ಸಾವಿರಾರು ಜನರ ಸರಾಸರಿ ಪೇಪರ್‌ನಲ್ಲಿದೆ. ನಿಮ್ಮ ಸಕ್ಕರೆ, ಕಿಡ್ನಿ, ಈಗ ತಗೊಳ್ಳುತ್ತಿರುವ ಬೇರೆ ಔಷಧಿ ಅದರಲ್ಲಿಲ್ಲ.

10. ಮೊದಲ ಪೇಪರ್ ಯಾವುದು?

ಹತ್ತು ಪುಟದ್ದರಿಂದ ಶುರು ಮಾಡಬೇಡಿ. ನಾನು ಎಲ್ಲರಿಗೂ ಕೊಡುವುದು ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರ ಮಾರ್ಚ್ 31ರ ನೇಚರ್ ಪತ್ರಿಕೆಯಲ್ಲಿ ಬರೆದ ಪುಟ್ಟ ಪತ್ರ. ಕಲ್ಕತ್ತದಲ್ಲಿ ಮಾಡಿದ ಕೆಲಸ. ಅದೇ ಮಾರ್ಚ್ 16ರಂದು ರಾಮನ್ ಬೆಂಗಳೂರಿಗೆ ಬಂದು ಇದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟಿದ್ದರು. ನೇಚರ್ ಪತ್ರ ಒಂದು ಪುಟದಷ್ಟೂ ಇಲ್ಲ, ಗಣಿತ ಇಲ್ಲವೇ ಇಲ್ಲ ಅನ್ನಬಹುದು.

ಬೆಳಕಿನ ಮೂಲ ಸೂರ್ಯ. 18 ಸೆಂಟಿಮೀಟರ್ ಅಗಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಂದುಗೂಡಿಸಿ, ಶುದ್ಧ ಮಾಡಿದ ದ್ರವದೊಳಗೆ ಹಾಯಿಸಿದರು. ನೀಲಿ ನೇರಳೆ ಶೋಧಕ ಒಂದು, ಹಳದಿ ಹಸಿರು ಶೋಧಕ ಒಂದು. ಎರಡನ್ನೂ ಬೆಳಕು ಬರುವ ದಾರಿಯಲ್ಲಿ ಇಟ್ಟರೆ ದ್ರವದೊಳಗಿನ ಬೆಳಕಿನ ಜಾಡು ಪೂರ್ತಿ ಕತ್ತಲು. ಹಳದಿ ಹಸಿರನ್ನು ಅಲ್ಲಿಂದ ತೆಗೆದು ನೋಡುವವರ ಕಣ್ಣಿನ ಮುಂದೆ ಇಟ್ಟರೆ ಜಾಡು ಮತ್ತೆ ಕಾಣುತ್ತದೆ. ಅಂದರೆ ದ್ರವಕ್ಕೆ ಹೋದ ನೀಲಿ ಬೆಳಕಿನ ಸ್ವಲ್ಪ ಭಾಗ ಬಣ್ಣ ಬದಲಿಸಿ ಹೊರಗೆ ಬಂದಿದೆ. ಸುಮಾರು 60 ದ್ರವಗಳಲ್ಲಿ ನೋಡಿದ್ದೇವೆ, ಎಲ್ಲದರಲ್ಲೂ ಕಂಡಿತು ಎಂದು ಬರೆದಿದ್ದಾರೆ.

ಪ್ರಿಂಟ್ ತೆಗೆದು ಮೊದಲ ಒಂಬತ್ತು ಹಂತದಲ್ಲಿ ಹೊಂದುವಷ್ಟನ್ನು ಇದರ ಮೇಲೆ ಮಾಡಿ. ಯಾರಿಗೆ ಬದಲು ಯಾವ ವಸ್ತುವಿಗೆ ಎಂದು ಬರೆದುಕೊಳ್ಳಿ. ಹೋಲಿಕೆ ಯಾವುದಕ್ಕೆ, ಅಳೆದದ್ದು ಏನು ಎಂದು ಗುರುತು ಮಾಡಿ. ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಮಾಮೂಲಿ ಪ್ರತಿದೀಪ್ತಿ ಇರಬಹುದಲ್ಲ, ಕೆಲವು ವಸ್ತುಗಳು ನೇರಳೆ ಬೆಳಕು ಹೀರಿ ಹಸಿರು ಬೆಳಕು ಬಿಡುತ್ತವಲ್ಲ, ಆ ಥರ? ಅದು ಅಲ್ಲ ಎನ್ನಲು ಅವರು ಎರಡು ಕಾರಣ ಕೊಟ್ಟಿದ್ದಾರೆ. ಒಂದು ಬೆಳಕಿನ ಮಂಕುತನದ ಬಗ್ಗೆ, ಇನ್ನೊಂದು ಧ್ರುವೀಕರಣದ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿನ ಬಗ್ಗೆ. ಆ ವಾಕ್ಯ ಎಲ್ಲಿದೆ ಎಂದು ಹುಡುಕಿ, ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ.